ಎಂಬತ್ತು ಕಿಲೋಗೆ ಇಳಿದ ಮೇಲೆ

ಕೋವಿಡ್ ಗದ್ದಲ ಮುಗಿದ ಮರು ವರ್ಷ ನಾನು ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಹಾರ ತಜ್ಞೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಪ್ರತಿ ಬುಧವಾರ ನಮ್ಮ ಹೃದ್ರೋಗ ವೈದ್ಯರ ಜೊತೆ ಮಾನ್ವಿಗೆ ಹೋಗಿ, ಅಲ್ಲಿನ ಸಣ್ಣ ಕ್ಲಿನಿಕ್ಕಿನಲ್ಲಿ ಸಂಜೆಯವರೆಗೆ ರೋಗಿಗಳನ್ನು ನೋಡುತ್ತಿದ್ದೆವು. ನರಸಮ್ಮ ಅಲ್ಲಿಗೆ ಬಂದದ್ದು ಆ ವರ್ಷದ ಆಗಸ್ಟ್ ತಿಂಗಳಲ್ಲಿ.

ಆಕೆಗೆ ನಲವತ್ತಾರು ವರ್ಷ. ಊರು ತುಂಗಭದ್ರೆಯ ದಂಡೆಯ ಚೀಕಲಪರ್ವಿ. ಅಂಗನವಾಡಿಯಲ್ಲಿ ಸಹಾಯಕಿ. ಗಂಡ ಹನುಮಂತಪ್ಪ ಟ್ರ್ಯಾಕ್ಟರ್ ಚಾಲಕ. ಎತ್ತರ ನೂರ ಐವತ್ತೆರಡು ಸೆಂಟಿಮೀಟರ್. ತೂಕದ ಯಂತ್ರದ ಮೇಲೆ ನಿಲ್ಲಿ ಎಂದಾಗ ಹಿಂದೆ ಸರಿದರು. "ದಿನಾ ಕೂಸುಗಳನ್ನ ತೂಗ್ತೀನ್ರಿ ಮೇಡಂ, ನಾ ಮಾತ್ರ ಒಮ್ಮೆನೂ ನಿಂತಿಲ್ಲ" ಎಂದರು. ನಿಂತಾಗ ಮುಳ್ಳು ನೂರ ಹದಿನಾರರಲ್ಲಿ ಅಲುಗಾಡಿತು.

ರಕ್ತದೊತ್ತಡ 170/100. ಕಾಲು ಬಾತಿದ್ದವು. ಮನೆಯ ಮೂರು ಮೆಟ್ಟಿಲು ಹತ್ತಿದರೆ ದಮ್ಮು, ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆಂದು ತಲೆಗೆ ಮೂರು ದಿಂಬು. ಎಕೋ ಪರೀಕ್ಷೆ ನೋಡಿ ವೈದ್ಯರು ವಿವರಿಸಿದರು. ಹೃದಯ ರಕ್ತವನ್ನು ಹೊರಗೆ ತಳ್ಳುವಾಗ ಸರಿಯಾಗಿಯೇ ತಳ್ಳುತ್ತದೆ, ಆದರೆ ಮತ್ತೆ ತುಂಬಿಕೊಳ್ಳಲು ಸಡಿಲವಾಗಬೇಕಲ್ಲ, ಅದು ಆಗುತ್ತಿಲ್ಲ. ಗೋಡೆ ಬಿಗಿದಿದೆ. ವರ್ಷಗಟ್ಟಲೆ ಹೆಚ್ಚಿನ ತೂಕ ಮತ್ತು ಹೆಚ್ಚಿನ ಒತ್ತಡ ಹೊತ್ತ ಹೃದಯಗಳಲ್ಲಿ ಇದು ಸಾಮಾನ್ಯ. ಮೈಯಲ್ಲಿ ನಿಂತ ನೀರನ್ನು ಮೂತ್ರವಾಗಿ ಹೊರಹಾಕುವ ಗುಳಿಗೆ ಬರೆದು, ಉಳಿದದ್ದನ್ನು ನನಗೆ ಒಪ್ಪಿಸಿದರು.

"ಎಷ್ಟಕ್ಕ ಇಳೀಬೇಕಂತ ಅದ ನಿಮ್ಮ ಮನಸಿನ್ಯಾಗ?" ಎಂದು ಕೇಳಿದೆ.

"ಎಂಬತ್ತು, ಮೇಡಂ. ಎಂಬತ್ತಕ್ಕ ಇಳಿದ ಮ್ಯಾಲ ಅಕ್ಕನ ಮನಿಗೆ ಹೋಗ್ತೀನಿ."

ಅಕ್ಕ ಸುಂಕಮ್ಮ ಹೊಳೆಯಾಚೆ ಆಂಧ್ರದ ಹಳ್ಳಿಯಲ್ಲಿದ್ದರು. ನರಸಮ್ಮನ ತವರೂ ಅದೇ. ತಾಯಿ ಬೇಗ ತೀರಿಕೊಂಡದ್ದರಿಂದ ಇವರನ್ನು ಎತ್ತಿ ಆಡಿಸಿ ಬೆಳೆಸಿದ್ದು ಅಕ್ಕನೇ. ಮೂರು ವರ್ಷದ ಹಿಂದೆ ಅಲ್ಲಿಗೆ ಹೋಗಲೆಂದು ನರಸಮ್ಮ ಹರಿಗೋಲು ಹತ್ತುವಾಗ ಅದು ಒಂದು ಕಡೆಗೆ ವಾಲಿ, ಒಳಗಿದ್ದ ಇಬ್ಬರು ಹೆಂಗಸರು ಮೊಣಕಾಲುದ್ದದ ನೀರಿಗೆ ಬಿದ್ದಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ದಂಡೆಯಲ್ಲಿದ್ದವರೆಲ್ಲ ನಕ್ಕರು. ನರಸಮ್ಮ ಮನೆಗೆ ತಿರುಗಿ ಬಂದವರು ಮತ್ತೆ ಹೊಳೆಗೆ ಹೋಗಲಿಲ್ಲ. ಹಿಂದಿನ ವರ್ಷ ಅಕ್ಕನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಆಕೆಯ ಮಗ ಆಗಾಗ ವಿಡಿಯೋ ಕಾಲ್ ಮಾಡಿ ಫೋನನ್ನು ತಾಯಿಯ ಮುಂದೆ ಹಿಡಿಯುತ್ತಿದ್ದ. ಅಕ್ಕ ಬರೀ ಅಳುತ್ತಿದ್ದರು.

"ಸುತ್ತಿ ಹೋಗೋ ರಸ್ತೆ ಅದ ಅಲ್ಲೇನ್ರಿ? ಕಾರು ಮಾಡ್ಕೊಂಡು ಹೋಗ್ರಿ" ಎಂದೆ.

"ಈ ಮೈ ತಗೊಂಡು ತವರೂರಾಗ ಹೆಂಗ ಇಳೀಲಿ ಮೇಡಂ? ಎಲ್ಲಾರೂ ನೋಡ್ತಾರ."

ಇಷ್ಟು ಗಟ್ಟಿ ಮನಸ್ಸಿನ ರೋಗಿ ಸಿಕ್ಕರೆ ನಮ್ಮ ವೃತ್ತಿಯವರಿಗೆ ಹಿಗ್ಗು. ಫೈಲಿನಲ್ಲಿ 'ಗುರಿ: 80 ಕಿಲೋ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಆ ಎರಡು ಗೆರೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಾನು ಹುಟ್ಟಿ ಬೆಳೆದದ್ದು ದೇವದುರ್ಗದಲ್ಲಿ, ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ತಿಂದು. ಆದರೂ ಓದು ಮುಗಿಸಿ ಬಂದ ಮೇಲೆ ಬಹಳ ವರ್ಷ ರೋಗಿಗಳಿಗೆ ಓಟ್ಸ್ ಬರೆದುಕೊಟ್ಟವಳು. ಅದನ್ನು ಬಿಟ್ಟು ಆಗಲೇ ಕೆಲ ಕಾಲವಾಗಿತ್ತು. ನರಸಮ್ಮನಿಗೆ ಅವರ ಅಡುಗೆಮನೆಯ ಊಟವನ್ನೇ ಅಳತೆ ಹಾಕಿಕೊಟ್ಟೆ. ಮೂರು ಹೊತ್ತಿನ ಅನ್ನ ಒಂದು ಹೊತ್ತಿಗೆ ಇಳಿಯಿತು. ಹೊತ್ತಿಗೆ ಒಂದೂವರೆ ರೊಟ್ಟಿ, ಪುಂಡಿ ಸೊಪ್ಪಿನ ಪಲ್ಯ, ಬೇಳೆ, ಮಜ್ಜಿಗೆ. ಉಪ್ಪಿನಕಾಯಿ, ಹಪ್ಪಳ ಬಂದ್. ಉಪ್ಪು ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ, ಆ ನೀರು ಹೃದಯಕ್ಕೆ ಭಾರ. ಚಹಾ ನಾಲ್ಕರ ಬದಲು ಎರಡು. ಸಂಜೆ ಅಂಗಳದಲ್ಲಿ ಹತ್ತು ನಿಮಿಷ ನಡಿಗೆ.

ನವೆಂಬರ್ ನಡುವಿನ ಹೊತ್ತಿಗೆ ನೂರ ಹನ್ನೊಂದು. ಮೂರು ತಿಂಗಳಿಗೆ ಐದು ಕಿಲೋ ಒಳ್ಳೆಯ ಇಳಿತ. ಒತ್ತಡ 146/90ಕ್ಕೆ ಬಂದಿತ್ತು, ದಿಂಬು ಮೂರು ಹೋಗಿ ಎರಡಾಗಿದ್ದವು. ನಾನು ಮೆಚ್ಚಿ ಮಾತಾಡುತ್ತಿದ್ದರೆ ಆಕೆ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

"ಇನ್ನೂ ಮೂವತ್ತೊಂದು ಅದ. ಹಿಂಗ ಆದ್ರ ಮುಂದಿನ ವರ್ಷನೂ ಆಗಂಗಿಲ್ಲ."

"ಅವಸರ ಮಾಡಬ್ಯಾಡ್ರಿ" ಎಂದೆ. ಅವಸರ ಯಾತಕ್ಕೆ ಎಂದು ಕೇಳಲಿಲ್ಲ. ಅಕ್ಕನಿಗೆ ಎರಡನೇ ಸಲ ಲಕ್ವ ಹೊಡೆದಿದೆ ಎಂಬ ಸುದ್ದಿ ಅದೇ ವಾರ ಬಂದಿತ್ತಂತೆ. ನನಗೆ ಹೇಳಿರಲಿಲ್ಲ.

ಮುಂದಿನ ಎರಡು ಬುಧವಾರ ನರಸಮ್ಮ ಬರಲಿಲ್ಲ. ಡಿಸೆಂಬರ್ ಮೊದಲ ವಾರ ಹನುಮಂತಪ್ಪ ಆಕೆಯನ್ನು ರಾಯಚೂರಿಗೆ ಆಂಬುಲೆನ್ಸಿನಲ್ಲಿ ಕರೆತಂದರು. ಅಂಗನವಾಡಿಯಲ್ಲಿ ಮಕ್ಕಳಿಗೆ ಬಡಿಸುತ್ತಾ ಕುಸಿದು ಬಿದ್ದಿದ್ದರು. ಮೂರು ವಾರದಿಂದ ಹಗಲಿಗೆ ಮಜ್ಜಿಗೆ, ರಾತ್ರಿಗೆ ಅರ್ಧ ರೊಟ್ಟಿ, ಅಷ್ಟೇ. ನೀರಿಳಿಸುವ ಗುಳಿಗೆ ತಾವಾಗಿಯೇ ಎರಡೆರಡು. ರಕ್ತದಲ್ಲಿ ಪೊಟ್ಯಾಷಿಯಂ 2.6ಕ್ಕೆ ಇಳಿದಿತ್ತು. ಈ ಲವಣ ಅಷ್ಟು ಕಡಿಮೆಯಾದರೆ ಹೃದಯದ ಬಡಿತ ಹಳಿ ತಪ್ಪುತ್ತದೆ, ನಿಂತೂ ಹೋಗಬಹುದು. ಐಸಿಯುನಲ್ಲಿ ಎರಡು ದಿನ ಮಾನಿಟರಿನ ಗೆರೆ ಒಂದೇ ಸಮ ಓಡಲಿಲ್ಲ. ಹನುಮಂತಪ್ಪ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು, "ಚೀಟಿದಾಗ ಬರದಿದ್ದಕ್ಕಿಂತ ಕಡಿಮಿನೇ ತಿಂದಾಳ್ರಿ, ಹೆಚ್ಚು ತಿಂದಿಲ್ಲ" ಎಂದರು. ಹೆಂಡತಿಯನ್ನು ನಾನು ಬೈಯುತ್ತೇನೆಂದು ಅವರು ಹೆದರಿದ್ದರು.

ಮೂರನೇ ದಿನ ನರಸಮ್ಮ ವಾರ್ಡಿಗೆ ಬಂದರು. ನನ್ನನ್ನು ಕಂಡೊಡನೆ ಕೇಳಿದ್ದು, "ಎಷ್ಟದ ಈಗ?"

ನೂರ ನಾಲ್ಕು ಇತ್ತು. ಇಳಿದ ಏಳು ಕಿಲೋದಲ್ಲಿ ಹೆಚ್ಚಿನದು ನೀರು, ಮಾಂಸಖಂಡ. ಊಟ ಶುರುವಾದರೆ ನೂರ ಎಂಟಕ್ಕೆ ಏರುತ್ತದೆ ಎಂದು ಗೊತ್ತಿತ್ತು, ಹಾಗೇ ಏರಿತು ಕೂಡ. ನಾನು ಸಂಖ್ಯೆ ಹೇಳಲಿಲ್ಲ. ಹಾಸಿಗೆಯ ಅಂಚಿಗೆ ಕೂತೆ. ಆಕೆ ಗೋಡೆಯ ಕಡೆ ಮುಖ ಮಾಡಿ ಹೇಳಿದರು: "ಅಷ್ಟರಾಗ ಅಕ್ಕ ಹೋಗಿಬಿಟ್ರ ಹೆಂಗ? ನಾ ಸಣ್ಣಾಕಿದ್ದಾಗ ಸೊಂಟದ ಮ್ಯಾಲ ಹೊತ್ಕೊಂಡು ಹೊಳಿಗೆ ಹೋಗಾಕಿ. ಈಗ ನನ್ನ ನೋಡಿದ್ರ ಗುರುತು ಹಿಡೀತಾಳೋ ಇಲ್ಲೋ."

ಜನವರಿ ಎರಡನೇ ವಾರ ಕ್ಲಿನಿಕ್ಕಿನ ಕೆಲಸ ಬೇಗ ಮುಗಿಸಿ ನಾನು ಚೀಕಲಪರ್ವಿಗೆ ಹೋದೆ. ಅದು ನನ್ನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ನರಸಮ್ಮನ ಮನೆಯಿಂದ ದಂಡೆಗೆ ಅರ್ಧ ಕಿಲೋಮೀಟರಿಗೂ ಕಡಿಮೆ. ಎರಡು ಕಡೆ ಕೂತು ದಣಿವಾರಿಸಿಕೊಂಡು ಇಬ್ಬರೂ ತಲುಪಿದೆವು. ಮಳೆಗಾಲದ ಸೆಳವು ಇಳಿದು ನೀರು ತಿಳಿಯಾಗಿತ್ತು. ಆಚೆ ದಂಡೆಯ ಬೇವಿನ ಮರ, ಅದರ ಹಿಂದಿನ ಅಕ್ಕನ ತಗಡಿನ ಮನೆ ಎರಡೂ ಸ್ಪಷ್ಟ. ನರಸಮ್ಮ ನಿಂತು ನೋಡಿದರು. ಮೂರು ವರ್ಷದಿಂದ ಕಾಣದ ಮನೆ, ಕೂಗಿದರೆ ಕೇಳೀತೇನೋ ಎನ್ನುವಷ್ಟು ಹತ್ತಿರ.

ಹರಿಗೋಲಿನ ಖಾಸಿಂಸಾಬರು ಬೀಡಿ ಆರಿಸಿ ಎದ್ದು ಬಂದರು. ಅರವತ್ತು ದಾಟಿದ ಮನುಷ್ಯ. ಇವರನ್ನು ಕರೆದೊಯ್ಯಲು ಆಗುತ್ತದೆಯೇ, ಎಷ್ಟು ತೂಕದವರೆಗೆ ಸುರಕ್ಷಿತ ಎಂದು ನಾನು ಡಾಕ್ಟರರ ಧಾಟಿಯಲ್ಲೇ ಕೇಳಿದೆ.

ಅವರು ನನ್ನ ಕಡೆ ನೋಡಲೇ ಇಲ್ಲ. "ಯವ್ವಾ, ನಾ ನಿಮಗ ಒಲ್ಲೆ ಅಂದಿದ್ದೆನೇನು? ಎಂಟು ಚೀಲ ಗೊಬ್ಬರ ಹೊರ್ತದ ಇದು. ಅವತ್ತು ನೀವು ಅಂಚಿನ ಮ್ಯಾಲ ಕಾಲಿಟ್ರಿ, ವಾಲಿತು. ಸಣ್ಣ ಹುಡುಗಿ ಇಟ್ರೂ ವಾಲ್ತದ. ನಡುವ ಇಡಬೇಕು ಕಾಲು. ಮರುದಿನ ಬರ್ತೀರಂತ ಕಾದೀನಿ ನಾ, ನೀವ ಬರಲಿಲ್ಲ."

 

ಖಾಸಿಂಸಾಬರು ಹರಿಗೋಲನ್ನು ಅರ್ಧ ಮರಳಿಗೆ ಎಳೆದು, ಅಂಚನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಕೈ ಚಾಚಿದರು. "ಬರ್ರಿ."

"ಇವತ್ತಾ?" ಎಂದು ನರಸಮ್ಮ ನನ್ನ ಕಡೆ ತಿರುಗಿದರು. ಅಂಗನವಾಡಿಯ ಹಳೇ ಸೀರೆ, ಕೈಯಲ್ಲಿ ಏನೂ ಇಲ್ಲ. ನಾಡಿ ಹಿಡಿದು ನೋಡಿದೆ, ತೊಂಬತ್ತೆರಡು, ಲಯ ಸರಿ ಇತ್ತು. "ಇವತ್ತೇ" ಎಂದೆ. ನಾನೂ ಹತ್ತಿದೆ.

ಆ ಮನೆಯಲ್ಲಿ ಕಂಡದ್ದನ್ನು ಎಷ್ಟು ಹೇಳಲಿ? ಸುಂಕಮ್ಮ ಮಂಚದ ಮೇಲೆ ಒರಗಿದ್ದರು. ನರಸಮ್ಮ ಬಾಗಿಲಲ್ಲೇ ನಿಂತರು, ಸೆರಗನ್ನು ಮೈತುಂಬ ಎಳೆದುಕೊಂಡು. ಅಕ್ಕ ಎಡಗೈ ಎತ್ತಿ ಮಂಚವನ್ನು ತಟ್ಟಿದರು. ತಂಗಿ ಹೋಗಿ ಕೂತಾಗ, ಗುರುತು ಹಿಡಿದದ್ದಷ್ಟೇ ಅಲ್ಲ, ಆಕೆಯ ಜಡೆಯನ್ನು ಎಳೆದು ಮುಂದಕ್ಕೆ ಹಾಕಿ, ಬಿಚ್ಚಿದ ತುದಿಯನ್ನು ಒಂದೇ ಕೈಯಲ್ಲಿ ಹೆಣೆಯಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ಖಾಸಿಂಸಾಬರು ಹೊರಗಿನಿಂದ ಕರೆಯುವವರೆಗೂ ಆ ಜಡೆಯನ್ನು ಬಿಡಲಿಲ್ಲ.

ಜೂನ್ ತನಕ ನರಸಮ್ಮ ವಾರಕ್ಕೊಮ್ಮೆ ಹೊಳೆ ದಾಟಿದರು. ನೀರು ಇಳಿದಾಗ ಮರಳಿನ ಮೇಲೆ ನಿಧಾನ ನಡೆದು, ನಡುವಿನ ಮಡುವನ್ನಷ್ಟೇ ಹರಿಗೋಲಿನಲ್ಲಿ ದಾಟುತ್ತಿದ್ದರು. ನಾನು ಹೇಳಿ ಮಾಡಿಸಲಾಗದಿದ್ದ ನಡಿಗೆ ಹಾಗೆ ಆಯಿತು. ತೂಕ ನೂರ ನಾಲ್ಕಕ್ಕೆ ಬಂತು, ಈ ಸಲ ನಿಜವಾದ ಇಳಿತ. ಒಂದೇ ದಿಂಬಿನ ಮೇಲೆ ಮಲಗುವಂತಾದರು. ಎಕೋದಲ್ಲಿ ಹೃದಯದ ಒಳಗಿನ ಒತ್ತಡ ಕಡಿಮೆಯಾಗಿತ್ತು.

ಆಗಸ್ಟಿನಲ್ಲಿ ಹೊಳೆ ತುಂಬಿ ಹರಿಯುವಾಗ ಸುಂಕಮ್ಮ ತೀರಿಕೊಂಡರು. ನರಸಮ್ಮ ಕಾರು ಮಾಡಿಕೊಂಡು ಸುತ್ತಿ ಹೋದರು. ಯಾರು ನೋಡಿದರು, ಯಾರು ಬಿಟ್ಟರು ಎಂದು ಆಮೇಲೆ ಕೇಳಿದಾಗ, ಅದು ತಮ್ಮ ನೆನಪಿಗೇ ಬರಲಿಲ್ಲ ಎಂದರು. ಆ ದುಃಖದಲ್ಲಿ ಮೂರು ಕಿಲೋ ಮತ್ತೆ ಏರಿತು. ಮರಳಿ ಏರುವುದು ನಮ್ಮಲ್ಲಿ ಹೊಸದಲ್ಲ. ನಾವು ಮತ್ತೆ ರೊಟ್ಟಿಯ ಅಳತೆಯಿಂದ ಶುರು ಮಾಡಿದೆವು.

ನನ್ನ ನಿವೃತ್ತಿಯ ಹಿಂದಿನ ಬುಧವಾರ ನರಸಮ್ಮ ಕ್ಲಿನಿಕ್ಕಿಗೆ ಬಂದಿದ್ದರು. "ಈಗ ಎಲ್ಲೂ ಕೂಡ್ಲಾರ್ದ ದಂಡಿಗೆ ಹೋಗಿ ಬರ್ತೀನ್ರಿ ಮೇಡಂ. ಖಾಸಿಂಸಾಬ್ರು ಬರ್ರಿ ಅಂತಾರ" ಎಂದರು. ಹೊರಡಲು ಎದ್ದವರು, "ಆದ್ರ ಆಚಿಗೆ ಯಾರದಾರ ಅಂತ ಹೋಗ್ಲಿ?" ಎಂದರು.

ಮೈ ಇಳಿಯಲು ವರ್ಷಗಳು ಬೇಕು. ಇಳಿದಷ್ಟೂ ಹೃದಯಕ್ಕೆ ಲಾಭವೇ, ಅದನ್ನು ಕೊನೆಯ ದಿನದವರೆಗೂ ರೋಗಿಗಳಿಗೆ ಹೇಳಿದ್ದೇನೆ. ಆದರೆ ಎಷ್ಟಕ್ಕೆ ಇಳಿಯಬೇಕು ಎಂದು ಕೇಳುವ ಮೊದಲು, ಇಳಿದ ಮೇಲೆ ಎಲ್ಲಿಗೆ ಹೋಗಬೇಕೆಂದಿದ್ದೀರಿ, ಯಾರನ್ನು ನೋಡಬೇಕೆಂದಿದ್ದೀರಿ ಎಂದು ಕೇಳುವುದನ್ನು ನರಸಮ್ಮನಿಂದ ಕಲಿತೆ. ಯಾರದಾದರೂ ಹೆಸರು ಹೇಳಿದವರಿಗೆ ಊಟದ ಚೀಟಿ ಕೈಗಿಟ್ಟು, ಮೊದಲು ಅಲ್ಲಿಗೆ ಹೋಗಿ ಬನ್ನಿ ಎನ್ನುತ್ತಿದ್ದೆ.