ಹಳೇ ರೆಕಾರ್ಡಿನೋಳು

ನ್ಯೂಜಿಲೆಂಡಿನ ಲೋವರ್ ಹಟ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿಗೆ ಬ್ರಾಡ್‌ವೇ ಸಂಗೀತನಾಟಕಗಳ ಹುಚ್ಚು. ಮೊದಲ ನಾಯಕಿಯರು ಹಾಡಿದ ಹಳೇ ರೆಕಾರ್ಡುಗಳೆಲ್ಲ ಅವರ ಬಳಿ ಇದ್ದವು. ಹಳೆಯ ನಾಟಕವನ್ನು ಹೊಸಬರು ಆಡಿದಾಗಲೆಲ್ಲ ನನ್ನನ್ನೂ ವೆಲಿಂಗ್ಟನ್‌ಗೆ ಎಳೆದೊಯ್ಯುತ್ತಿದ್ದರು. ಯಾರೇ ಹಾಡಲಿ, ಮೂಗು ಮುರಿದು ಒಂದೇ ತೀರ್ಪು: "ಹಳೇ ರೆಕಾರ್ಡಿನೋಳ ಮುಂದೆ ಇವಳೆಲ್ಲಿ?"

ಒಮ್ಮೆ ಮಧ್ಯಾಹ್ನದ ಆಟ ನೋಡಿ, ಕಾಫಿ ಕುಡಿದು ರೈಲು ಹತ್ತಿದೆವು. ಇಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆಂಬ ಧೈರ್ಯದಲ್ಲಿ ಆಂಟಿ ನಾಯಕಿಯನ್ನು ಗಟ್ಟಿಯಾಗಿಯೇ ಜಾಡಿಸಿದರು: "ಮೇಲಿನ ಸ್ವರಕ್ಕೆ ಗಂಟ್ಲೇ ಏಳಲ್ಲ ಅವಳ್ಗೆ!"

ಎದುರು ಕೂತಿದ್ದ ಹುಡುಗಿಯ ಕಿವಿಯ ಬಳಿ ಇನ್ನೂ ಬಣ್ಣವಿತ್ತು. ಅವಳೇ ನಾಯಕಿ, ಹೊಂಗೂದಲ ವಿಗ್ಗಿಲ್ಲದೆ ಗುರುತೇ ಸಿಕ್ಕಿರಲಿಲ್ಲ. "ಸಾರಿ ಆಂಟಿ, ಐ ಹ್ಯಾವ್ ಎ ಕೋಲ್ಡ್. ಅಮ್ಮ ಸೆಡ್ ದ ಸೇಮ್," ಎಂದಳು.

ನಮ್ಮ ಸ್ಟೇಷನ್ ಇನ್ನೂ ದೂರವಿತ್ತು. ಆಂಟಿ ತಲೆಯೆತ್ತದೆ ಮುಂದಿನದರಲ್ಲೇ ಇಳಿದುಬಿಟ್ಟರು, ನಾನೂ ಹಿಂದೆಯೇ ಇಳಿದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕೂತ ಆಂಟಿ ಅಂದರು: "ರೆಕಾರ್ಡಿನೋಳಿಗೆ ನೆಗಡಿ ಆಗಿದ್ದಿದ್ರೆ, ನಾಳೆ ಹಾಡ್ತೀನಿ ಅಂತಿದ್ಲು ಕಣೋ. ಇವಳಿಗೆಲ್ಲಿತ್ತು ಆ ನಾಳೆ?"