ಎಡಗಿವಿಯ ಸದ್ದು

ಚಳಿ ಶುರುವಾದ ವಾರ, ಒಂದು ಬೆಳಿಗ್ಗೆ ಕೆಲಸಕ್ಕೆ ಕೂತು ಹೆಡ್‌ಫೋನ್ ಹಾಕಿಕೊಂಡ ಎರಡನೆಯ ನಿಮಿಷಕ್ಕೆ ನನ್ನ ಎಡಗಿವಿಯಲ್ಲಿ ಚರಚರ ಎಂದಿತು. ಒಣಗಿದ ಹಲಸಿನ ಎಲೆಯನ್ನು ಯಾರೋ ಮುಷ್ಟಿಯಲ್ಲಿ ಹಿಸುಕಿದ ಹಾಗೆ. ನಾಲ್ಕು ಸೆಕೆಂಡು ಇದ್ದು ನಿಂತಿತು. ನಾನು ಮೊದಲು ನೋಡಿದ್ದು ಕೋಣೆಯ ಬಾಗಿಲನ್ನು. ಮುಚ್ಚಿತ್ತು. ಯಾರೂ ನೋಡಿರಲಿಲ್ಲ.

ಬೆಳ್ತಂಗಡಿಯ ನಮ್ಮ ಮನೆಯಲ್ಲೇ ಕೂತು ನಾನು ಮಾಡುವ ಕೆಲಸವೆಂದರೆ ಕೇಳುವುದು. ಯಾರೋ ಗಟ್ಟಿಯಾಗಿ ಓದಿದ ಪುಸ್ತಕಗಳ ಧ್ವನಿಮುದ್ರಣ ಬರುತ್ತದೆ. ಅದರೊಳಗಿನ ಉಸಿರು, ತುಟಿಯ ಸದ್ದು, ಕುರ್ಚಿಯ ಕಿರುಗುಟ್ಟುವಿಕೆ ಎಲ್ಲವನ್ನೂ ಹುಡುಕಿ ತೆಗೆದು ಕಳಿಸಬೇಕು. ಅದಕ್ಕೆಂದೇ ಕೊಂಡದ್ದು ಈ ಹೆಡ್‌ಫೋನ್ ಆಂಪ್ಲಿಫೈಯರ್. ಕಂಪ್ಯೂಟರಿನಿಂದ ಬರುವ ಧ್ವನಿಯನ್ನು ಕೆಡಿಸದೆ ಕಿವಿಗೆ ದಾಟಿಸುವ ಕಪ್ಪು ಪೆಟ್ಟಿಗೆ, ಮುಂದೆ ಒಂದೇ ಒಂದು ದೊಡ್ಡ ಗುಂಡಿ. ಆನ್ ಮಾಡಿ ಅರ್ಧ ಗಂಟೆಯಾದರೆ ಬೆಕ್ಕು ಹತ್ತಿ ಮಲಗುವಷ್ಟು ಬೆಚ್ಚಗಾಗುತ್ತದೆ. ಧ್ವನಿ ಹೆಚ್ಚುಕಡಿಮೆಯಾದರೆ ಕಿವಿ ಮೋಸಹೋಗುತ್ತದೆ ಎಂದು ಗುಂಡಿಯ ಮೇಲೆ ಉಗುರುಬಣ್ಣದಿಂದ ಒಂದು ಚುಕ್ಕೆ ಇಟ್ಟಿದ್ದೆ. ಆಮೇಲೆ ಅದನ್ನು ತಿರುಗಿಸಿದವಳೇ ಅಲ್ಲ.

ನನ್ನ ಹೆದರಿಕೆಗೆ ಕಾರಣ ಮನೆಯಲ್ಲೇ ಇತ್ತು. ಅಪ್ಪನ ಅಕ್ಕ, ನನ್ನ ಅತ್ತೆ, ನಮ್ಮ ಜೊತೆಗೇ ಇದ್ದಾರೆ. ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು ನನ್ನ ಈಗಿನ ವಯಸ್ಸಿಗೆ ಕಿವಿ ಕಳೆದುಕೊಂಡು ಮನೆಗೆ ಬಂದರು. ಮೊದಲು ಹೋದದ್ದು ಎಡಗಿವಿ. ಅದೂ ಒಮ್ಮೆಲೇ ಅಲ್ಲ, ಆಗಾಗ ಒಂದು ಸದ್ದು ಬರುತ್ತಿತ್ತಂತೆ. ಈಗ ನಮ್ಮ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾರೆ. ಅವರ ದನಿ ಮಾತ್ರ ಗೇಟಿನ ತನಕ ಕೇಳುತ್ತದೆ.

ನಾನು ಒಂದು ನೋಟ್‌ಬುಕ್ ಇಟ್ಟು ಪರೀಕ್ಷೆ ಶುರುಮಾಡಿದೆ. ಗೋಡೆಯ ಪ್ಲಗ್ ಬದಲಾಯಿಸಿದೆ, ಸದ್ದು ಬಂತು. ಇನ್ವರ್ಟರಿನಿಂದ ಓಡಿಸಿದೆ, ಬಂತು. ಫ್ರಿಜ್ಜು, ಪಂಪು, ವೈಫೈ ಎಲ್ಲ ಆರಿಸಿ ಅಮ್ಮನ ಬೈಗುಳ ತಿಂದೆ, ಆಗಲೂ ಬಂತು. ಹೊಸ ಕೇಬಲ್ ತರಿಸಿದೆ, ಹಳೆಯ ಹೆಡ್‌ಫೋನ್ ಹಾಕಿ ನೋಡಿದೆ. ಪ್ರತಿಸಲವೂ ಎಡಗಡೆ, ಪ್ರತಿಸಲವೂ ಬೆಳಿಗ್ಗೆ, ಎಂಟು ಗಂಟೆ ದಾಟಿದ ಮೇಲೆ ಇಲ್ಲ. ಫೋನಿಗೆ ನೇರ ಸಿಕ್ಕಿಸಿ ಕೇಳಿದಾಗ ಬರಲಿಲ್ಲ ನಿಜ. ಆದರೆ ಬರುವುದೇ ಕೆಲವು ಸೆಕೆಂಡು ಎಂದಮೇಲೆ ಬಾರದ್ದನ್ನು ಹೇಗೆ ನಂಬುವುದು? ಹೆಡ್‌ಫೋನ್ ತೆಗೆದು ಸುಮ್ಮನೆ ಕೂತು ಕಿವಿಗೊಟ್ಟರೆ, ಹುಡುಕಿದ ಸದ್ದೆಲ್ಲ ಕೇಳಿಸತೊಡಗುತ್ತಿತ್ತು.

ಒಂದು ಪರೀಕ್ಷೆಯನ್ನು ಮಾತ್ರ ಮಾಡಲಿಲ್ಲ. ಅದೇ ಎಲ್ಲಕ್ಕಿಂತ ಸುಲಭದ್ದು. ಹೆಡ್‌ಫೋನನ್ನು ತಿರುಗಿಸಿ, ಎಡದ್ದನ್ನು ಬಲಗಿವಿಗೆ ಹಾಕಿಕೊಳ್ಳುವುದು. ಸದ್ದು ಬಲಕ್ಕೆ ಬಂದರೆ ದೋಷ ಯಂತ್ರದ್ದು, ಎಡದಲ್ಲೇ ಉಳಿದರೆ ನನ್ನದು. ಮೊದಲ ದಿನವೇ ಇದು ಹೊಳೆದಿತ್ತು. ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದೆ. ಮೂರು ವಾರ ಆ ಸಾಲಿನ ಮುಂದೆ ಏನೂ ಬರೆಯಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಬಾಗಿಲ ಚಿಲಕ ಹಾಕಲು ಮರೆತಿದ್ದೆ. ಅತ್ತೆ ಕಷಾಯದ ಲೋಟ ಹಿಡಿದು ಬಂದಾಗ ನಾನು ತಲೆ ಓರೆ ಮಾಡಿ, ಎಡಗಿವಿಯನ್ನು ಬೆರಳಿನಿಂದ ಒತ್ತಿಕೊಂಡು ಕೂತಿದ್ದೆ. ಅವರು ಲೋಟ ಮೇಜಿನ ಮೇಲಿಟ್ಟು ಕೇಳಿದರು:

"ಎಡದ್ದಾ?"

ಅಡುಗೆಮನೆಯಲ್ಲಿ ಅಮ್ಮ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು. ನಾನು ಎದ್ದು ಬಾಗಿಲು ಹಾಕಿ, ಮೆಲ್ಲಗೆ ಮಾತಾಡಿ ಎಂದು ಕೈಸನ್ನೆ ಮಾಡಿದೆ. ಅವರ ಮಟ್ಟಿಗೆ ಮೆಲ್ಲಗೆಯೇ ಹೇಳಿದರು:

"ನಾನೂ ಹೀಗೇ ಕೂರ್ತಿದ್ದೆ ಮಾರಾಯ್ತಿ. ಒಂದು ವರ್ಷ ಯಾರಿಗೂ ಹೇಳ್ಲಿಲ್ಲ. ಹೇಳಿದ್ದರೆ ಉಳೀತಿತ್ತೋ ಏನೋ, ಅದು ಇನ್ನು ಗೊತ್ತಾಗುವ ಹಾಗಿಲ್ಲ."

ನಾನು ತುಟಿ ಬಿಡಿಸಿ ಬಿಡಿಸಿ ಎಲ್ಲವನ್ನೂ ಹೇಳಿದೆ, ಬಾಕಿ ಉಳಿದ ಪರೀಕ್ಷೆಯನ್ನೂ. ಅವರು ಹೆಡ್‌ಫೋನನ್ನು ತಾವೇ ತಿರುಗಿಸಿ ನನ್ನ ತಲೆಯ ಮೇಲೆ ಇಟ್ಟು, ಮಂಚದ ತುದಿಯಲ್ಲಿ ಕೂತು ನನ್ನ ಮುಖವನ್ನೇ ನೋಡತೊಡಗಿದರು. ಓದುವ ಹೆಂಗಸಿನ ದನಿ ಶುರುವಾಯಿತು. ನಾನು ಒಳಗೊಳಗೇ ಎಣಿಸಿದೆ. ನಲವತ್ತಾಯಿತು. ಎಡಗಿವಿಯಲ್ಲಿ ಏನೂ ಇಲ್ಲ, ಬಲದಲ್ಲೂ ಇಲ್ಲ. ಎಪ್ಪತ್ತರ ಹತ್ತಿರ, ಬಲಗಿವಿಯಲ್ಲಿ ಚರಚರ ಎಂದಿತು.

ಬಲಗಿವಿಯ ಕಡೆ ಬೆರಳು ತೋರಿಸಿದೆ. ಅತ್ತೆಯ ಮುಖ ಬಿಳಿಚಿಕೊಂಡಿತು.

"ಅದೂ ಹೋಯ್ತಾ?"

ಯಂತ್ರದ್ದು, ಯಂತ್ರದ್ದು ಎಂದು ಎರಡು ಸಲ ಹೇಳಬೇಕಾಯಿತು.

ಮರುದಿನ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಬಿ.ಸಿ.ರೋಡ್ ಪೇಟೆಗೆ ಒಯ್ದೆ. ಬಸ್‌ಸ್ಟ್ಯಾಂಡಿನ ಹಿಂದಿನ ಮಹಡಿಯಲ್ಲಿ ಕೂರುವ ರಿಪೇರಿಯವರು, ಗಲ್ಫಿನಿಂದ ಟೇಪ್‌ರೆಕಾರ್ಡರ್ ಬರುತ್ತಿದ್ದ ಕಾಲದಿಂದ ಇದೇ ಕೆಲಸ ಮಾಡುತ್ತಾ ಬಂದವರು. ಹೊತ್ತು ಮಧ್ಯಾಹ್ನ. ಎಷ್ಟು ಕೇಳಿದರೂ ಸದ್ದು ಬರಲಿಲ್ಲ. ನಾನು ಸುಳ್ಳು ಹೇಳಿದವಳಂತೆ ನಿಂತಿದ್ದೆ. ಅವರು ನನ್ನ ನೋಟ್‌ಬುಕ್ ಇಸಿದುಕೊಂಡು ಪುಟ ಪುಟ ಓದಿದರು. ಚಳಿ ಬಿದ್ದ ಮೇಲೆ ಮಾತ್ರವೇ, ಪೆಟ್ಟಿಗೆ ಬಿಸಿಯಾದರೆ ಹೋಗುತ್ತದೆಯೇ ಎಂದು ಕೇಳಿದರು. ಗುಂಡಿ ತಿರುಗಿಸಿ ನೋಡಿದ್ದೇನೆಯೇ ಎಂದೂ ಕೇಳಿದರು. ಅದೊಂದನ್ನು ನಾನು ಮುಟ್ಟಿರಲಿಲ್ಲ. ಅವರು ಮುಚ್ಚಳ ಬಿಚ್ಚಿ, ಗುಂಡಿಯನ್ನು ಎಳೆದು ತೆಗೆದು, ಮೂಗಿನ ಹತ್ತಿರ ಹಿಡಿದರು.

"ತಂಗಿ, ಇದಕ್ಕೆ ಎಣ್ಣೆಸ್ನಾನ ಮಾಡಿಸಿದ್ದು ಯಾರು?"

ತೆಂಗಿನೆಣ್ಣೆ. ಅದು ಗುಂಡಿಯ ಕಡ್ಡಿಯ ಗುಂಟ ಒಳಗಿಳಿದು, ಧ್ವನಿಯನ್ನು ಏರಿಸಿ ಇಳಿಸುವ ಭಾಗಕ್ಕೆ ಸೇರಿ ಧೂಳು ಹಿಡಿದಿತ್ತು. ಚಳಿಯ ಬೆಳಿಗ್ಗೆ ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗುವ ಹಾಗೆ ಇಲ್ಲಿಯೂ ಗಟ್ಟಿಯಾಗಿ ಎಡಭಾಗದ ಸಂಪರ್ಕ ತಪ್ಪಿಸುತ್ತಿತ್ತು. ಪೆಟ್ಟಿಗೆ ಬೆಚ್ಚಗಾದರೆ ಕರಗುತ್ತಿತ್ತು. ಯಾರು ಎಂದು ನನಗೆ ಅಲ್ಲೇ ತಿಳಿಯಿತು. ಮಳೆಗಾಲಕ್ಕೆ ಮೊದಲು ಅತ್ತೆ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಮನೆಯ ಬೀಗ, ಬಾಗಿಲ ಕೀಲು, ಹೊಲಿಗೆಯಂತ್ರ, ಕೊಡೆಯ ಕಡ್ಡಿ ಒಂದನ್ನೂ ಬಿಡದೆ ಸವರುತ್ತಾರೆ. ನಾನು ದಿನವೂ ಧೂಳು ಒರೆಸಿ, ಒಮ್ಮೆಯೂ ತಿರುಗಿಸದ ಗುಂಡಿಯನ್ನು ಕಂಡು ಅದು ಜಾಮಾಗಿದೆ ಎಂದು ಅವರು ಅಂದುಕೊಂಡಿರಬೇಕು.

ತೊಳೆದು ಒಣಗಿಸಿದ ಪೆಟ್ಟಿಗೆಯನ್ನು ಸಂಜೆಗೆ ಮನೆಗೆ ತಂದು, ಅತ್ತೆಗೆ ವಿಷಯ ಹೇಳಿದೆ. ಎಣ್ಣೆ ಹಾಕದಿದ್ದರೆ ತುಕ್ಕು ಹಿಡಿಯುತ್ತಿತ್ತು ಎಂದರು. ಸ್ವಲ್ಪ ಹೊತ್ತಿನ ಮೇಲೆ, ಪೆಟ್ಟಿಗೆ ತೋರಿಸಿ ಬಂದೆಯಲ್ಲ, ಕಿವಿ ತೋರಿಸಿದೆಯಾ ಎಂದು ಕೇಳಿದರು. ಯಂತ್ರ ತಪ್ಪೊಪ್ಪಿಕೊಂಡಿತ್ತು. ಕಿವಿಯನ್ನು ಯಾರೂ ವಿಚಾರಿಸಿರಲಿಲ್ಲ.

ಮುಂದಿನ ವಾರ ಇಬ್ಬರೂ ಮಂಗಳೂರಿಗೆ, ಕಿವಿಯ ಡಾಕ್ಟರರ ಹತ್ತಿರ ಹೋದೆವು. ಸದ್ದು ಹೊಗದ ಒಂದು ಸಣ್ಣ ಕೋಣೆಯಲ್ಲಿ ನನ್ನನ್ನು ಕೂರಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದರು. ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ನನ್ನ ಎದೆಬಡಿತವೇ ಅಡ್ಡ ಬರುತ್ತಿತ್ತು. ಹೊರಗೆ ಬಂದು ಕಾಗದವನ್ನು ಅತ್ತೆಗೆ ಕೊಟ್ಟೆ. ಎಡದ ಗೆರೆ, ಬಲದ ಗೆರೆ, ಎರಡೂ ಮೇಲೆಯೇ ಒಟ್ಟೊಟ್ಟಿಗೆ ಹೋಗಿದ್ದವು. ಸದ್ಯಕ್ಕೆ ಏನೂ ಇಲ್ಲ, ಮನೆತನದಲ್ಲಿ ಇರುವುದರಿಂದ ವರ್ಷಕ್ಕೊಮ್ಮೆ ಬನ್ನಿ ಎಂದಿದ್ದರು. ಅತ್ತೆ ಎಡದ ಗೆರೆಯ ಮೇಲೆ ಕೊನೆಯವರೆಗೆ ಬೆರಳು ಎಳೆದರು.

"ಬರುವ ವರ್ಷ ಪುನಃ ಬರುವ," ಎಂದರು. ಕಾಯುತ್ತಿದ್ದವರೆಲ್ಲ ನಮ್ಮ ಕಡೆ ತಿರುಗಿದರು.

ನಾನು ಹೂಂ ಎಂದೆ. ಹೂಂ ಎಂಬುದು ತುಟಿಯಲ್ಲಿ ಕಾಣುವುದಿಲ್ಲ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಬರುವ, ಎಂದು ಬಿಡಿಸಿ ಹೇಳಿದೆ.