ಕಲ್ಮಠದಲ್ಲಿ ಕೂತವಳು

ಯಶ್ ಮೇಲೆ ನನಗೆ ಇವತ್ತಿಗೂ ಕೋಪ ಇಳಿದಿಲ್ಲ. ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ರೆ ಆಮೇಲೆ ನೀವು "ಅಂಬುಜಾ ಆಂಟಿ, ಹುಡುಗ ತಾನೇ, ಬಿಟ್ಬಿಡಿ" ಅಂತ ಶುರು ಮಾಡ್ತೀರ. ಇಪ್ಪತ್ನಾಲ್ಕು ವರ್ಷ ಅವನಿಗೆ. ಆ ವಯಸ್ಸಿಗೆ ನನಗೆ ಎರಡು ಮಕ್ಕಳಿದ್ವು. ಎಲ್ಲಿಯ ಹುಡುಗ?

ಆದ್ರೆ ಇದು ಅವನ ಕಥೆ ಅಲ್ಲ, ನಮ್ಮ ನೀಲಾಂಬಿಕಾಳದು. ಇಲ್ಲಿ ಡೆಟ್ರಾಯಿಟ್ ಪಕ್ಕದ ನೋವೈನಲ್ಲಿ ನಮ್ಮ ಎದುರು ಮನೆಯವಳು. ಗದಗ ಜಿಲ್ಲೆ, ರೋಣದ ಕಡೆ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡೋ ಕೆಲಸ. ಇಪ್ಪತ್ತೆರಡು ವರ್ಷದಿಂದ ನೋಡ್ತಿದ್ದೀನಿ, ಅವಳು ದನಿ ಎತ್ತಿದ್ದನ್ನ ಕೇಳಿರಲಿಲ್ಲ. ನಮ್ಮ ಸಬ್‌ಡಿವಿಷನ್‌ನಲ್ಲಿ, ಅಂದ್ರೆ ಬಡಾವಣೆಯಲ್ಲಿ, ಬಾಣಂತನವೋ ಸಾವೋ ಏನೇ ಆಗಲಿ, ಮೊದಲು ನಿಲ್ಲೋದು ಅವಳ ಕಾರು. ಹಿಂದಿನ ಸೀಟಲ್ಲಿ ಜೋಳದ ರೊಟ್ಟಿ ಡಬ್ಬಿ. ಕನ್ನಡ ಕೂಟದವರು ಅವಳನ್ನ ಅಡುಗೆ ಕಮಿಟಿಗೆ ಹಾಕಿದ್ದೇ ಹಾಕಿದ್ದು, ಇನ್ಯಾವುದಕ್ಕೂ ಕರೀಲೇ ಇಲ್ಲ. ನಾನೂ ಕಮಿಟಿಯಲ್ಲಿದ್ದೆ, ನಾನೂ ಕರೀಲಿಲ್ಲ.

ದಿನಾ ಸಂಜೆ ಆರೂವರೆಗೆ ಅವಳಿಗೆ ಊರಿಂದ ವಿಡಿಯೋ ಕಾಲ್ ಬರುತ್ತೆ. ಅಲ್ಲಿ ಆಗ ಬೆಳಗಿನ ಜಾವ ಐದು. ಅವಳ ಚಿಗವ್ವ, ಅಂದ್ರೆ ಚಿಕ್ಕಮ್ಮ, ಗಂಗಮ್ಮ ಅಂತ, ಒಂದು ಕಲ್ಲಿನ ಮೇಲೆ ನೀರು ಹಾಕಿ, ವಿಭೂತಿ ಬಳಿದು, ದೀಪ ಹಚ್ತಾರೆ. ಇವಳು ಇಲ್ಲಿ ಎಲ್ಲಿದ್ರೂ, ಅಂಗಡಿ ಪಾರ್ಕಿಂಗ್ ಲಾಟಲ್ಲಿದ್ರೂ, ಕಾರಲ್ಲೇ ಕೂತು ಕೈಮುಗೀತಾಳೆ. "ಊರ ದೇವರೇನಮ್ಮ?" ಅಂತ ಒಂದ್ಸಲ ಕೇಳಿದ್ದೆ. "ಹಂಗ ಅನ್ಕೋರಿ ಅಕ್ಕಾರ" ಅಂದಿದ್ಳು.

ಅದು ಅವಳ ತಾಯಿ ಗದ್ದುಗೆ. ನನಗೆ ಗೊತ್ತಾಗಿದ್ದು ಗಲಾಟೆ ಆದ ದಿನ, ನಿಮಗೆ ಈಗಲೇ ಹೇಳ್ತೀನಿ. ಅವರ ಪೈಕಿ ಸತ್ತವರನ್ನ ಸುಡೋದಿಲ್ಲ. ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ಕೂತ ಹಾಗೇ ಮಣ್ಣು ಮಾಡ್ತಾರೆ. ಅವಳ ಮನೆತನ ಎಂಟುನೂರು ವರ್ಷದ ಒಂದು ಕಲ್ಮಠ ನೋಡಿಕೊಂಡು ಬಂದದ್ದು. ಮಠ ಹಾಳುಬಿದ್ದು ಮೂರು ತಲೆಮಾರು ಆಯ್ತು. ಆದ್ರೂ ಮನೆಯವರನ್ನ ಅದರ ಅಂಗಳದಲ್ಲೇ ಕೂರಿಸಿ, ಬಿದ್ದ ಗೋಡೆಯ ಹಳೇ ಚಪ್ಪಡಿಯನ್ನೇ ಮೇಲೆ ಹೊದಿಸ್ತಾರೆ. ತಾಯಿ ಶಿವಲಿಂಗಮ್ಮ ಹೋಗಿದ್ದು ಕೊರೋನಾ ವರ್ಷ, ವಿಮಾನ ನಿಂತಿದ್ದಾಗ. ತಾಯಿನ ಕೂರಿಸೋದನ್ನ ಇವಳು ಆಸ್ಪತ್ರೆ ಹಿಂದೆ ನಿಂತು ಫೋನಲ್ಲಿ ನೋಡಿ, ಕಣ್ಣೊರೆಸಿಕೊಂಡು ಒಳಗೆ ಹೋಗಿ ಶಿಫ್ಟ್ ಮುಗಿಸಿದ್ಳು. ನನಗೆ ಹೇಳಿದ್ದು "ಅವ್ವ ಹ್ವಾದ್ಲರಿ" ಅಂತ, ಅಷ್ಟೇ.

ಈಗ ಈ ಯಶ್. ಮೂಲೆಮನೆ ರವಿಶಂಕರ್, ಲಾವಣ್ಯ ಅವರ ಮಗ. ಇವನಿಗೆ ದೆವ್ವ ಹುಡುಕೋ ಹುಚ್ಚು. ಡೆಟ್ರಾಯಿಟ್‌ನಲ್ಲಿ ಮುಚ್ಚಿದ ಥಿಯೇಟರು, ಪಾಳು ಫ್ಯಾಕ್ಟರಿ ಒಂದೂ ಬಿಡದೆ, ಕೆಂಪು ಹಸಿರು ದೀಪ ಮಿಣುಕೋ ಒಂದು ಮೀಟರ್ ಹಿಡ್ಕೊಂಡು ಓಡಾಡಿ ವಿಡಿಯೋ ಹಾಕ್ತಾನೆ. ಹೋದ ಸೆಪ್ಟೆಂಬರಲ್ಲಿ ಅಪ್ಪ ಅಮ್ಮನ ಜೊತೆ ಇಂಡಿಯಾಕ್ಕೆ ಹೋದ. ಅವನ ಅಜ್ಜಿ ಲಲಿತಮ್ಮ ಇಲ್ಲೇ ತೀರಿಕೊಂಡಿದ್ರು, ಅಸ್ಥಿ ಬಿಡೋದಿತ್ತು. ಶ್ರೀರಂಗಪಟ್ಟಣದಲ್ಲಿ ಪಂಚೆ ಉಟ್ಟು ನೀರಿಗಿಳಿದು ಅಸ್ಥಿ ಬಿಟ್ಟ. ಅದಾಗಿ ನಾಲ್ಕು ದಿನಕ್ಕೆ ಸ್ನೇಹಿತರನ್ನ ಕಟ್ಟಿಕೊಂಡು ಅದೇ ಕಲ್ಮಠಕ್ಕೆ ಹೋಗಿದ್ದಾನೆ. ಯಾವುದೋ ವೆಬ್‌ಸೈಟಲ್ಲಿ ಹೆಸರು ಸಿಕ್ಕಿತ್ತಂತೆ.

ವಿಡಿಯೋ ಬಂತು. 'ಕಲ್ಲಿನ ಕೆಳಗೆ ಕೂತ ಹೆಂಗಸು' ಅಂತ ಇಂಗ್ಲಿಷ್‌ನಲ್ಲಿ ಹೆಸರು. ನಾನೂ ನೋಡಿದೆ. ನೋಡಿ, ವೆಸ್ಟ್‌ಮಂಟ್‌ನಲ್ಲಿರೋ ನನ್ನ ತಂಗಿಗೆ ನಗೋ ಮುಖ ಹಾಕಿ ಫಾರ್ವರ್ಡ್ ಮಾಡಿದೆ. ಥೂ, ನನ್ನ ಬುದ್ಧಿಗೆ!

ನವೆಂಬರಲ್ಲಿ ರಾಜ್ಯೋತ್ಸವ. ಒಂದು ಹೈಸ್ಕೂಲ್ ಆಡಿಟೋರಿಯಂ, ಮುನ್ನೂರು ಜನ. 'ನಮ್ಮ ಯುವಪೀಳಿಗೆ' ಅಂತ ಯಶ್‌ಗೆ ಅರ್ಧ ಗಂಟೆ ಕೊಟ್ಟಿದ್ರು. ನೀಲಾಂಬಿಕಾ ಹಿಂದುಗಡೆ ಬಾಗಿಲ ಹತ್ರ ಏಪ್ರನ್ ಕಟ್ಟಿಕೊಂಡು ಶೇಂಗಾ ಚಟ್ನಿ ತುಂಬ್ತಾ ಇದ್ಳು. ನಾನು ಪಕ್ಕದಲ್ಲಿ ಪ್ಲೇಟ್ ಜೋಡಿಸ್ತಾ ಇದ್ದೆ.

ಪರದೆ ಮೇಲೆ ಮುರಿದ ಕಂಬ, ಬಾವಲಿ, ಕತ್ತಲೆ. ಊರವನೊಬ್ಬ ಕಲ್ಲು ತೋರಿಸಿ "ಇದರ ಕೆಳಗ ಒಬ್ಬಾಕಿ ಕುಂತಾಳ" ಅಂದ. ತಕ್ಷಣ ಯಶ್ ಕ್ಯಾಮೆರಾ ಕಡೆ ತಿರುಗಿ, ಎಂಟುನೂರು ವರ್ಷದ ಹಿಂದೆ ಮಠದವರು ಒಬ್ಬ ಸನ್ಯಾಸಿನಿಯನ್ನ ಕೂರಿಸಿ ಜೀವಂತ ಹೂತಿದ್ದಾರೆ ಅಂದ. ಕಲ್ಲಿನ ಮೇಲೆ ಥರ್ಮಾಮೀಟರ್ ಹಿಡಿದು, ಸುತ್ತ ಎಪ್ಪತ್ತಾರು ಡಿಗ್ರಿ ಫ್ಯಾರನ್‌ಹೀಟ್, ಇಲ್ಲಿ ಮಾತ್ರ ಅರವತ್ತೆಂಟು, ಅಂದ. ಯಾರೂ ವಾಸ ಇಲ್ಲದ ಜಾಗದಲ್ಲಿ ದೀಪ ತಾನಾಗೇ ಉರೀತಿದೆ, ಅಂದ. ಬೂಟುಗಾಲಲ್ಲಿ ಕಲ್ಲಿನ ಮೇಲೆ ಹತ್ತಿ ನಿಂತು "ಯಾರಿದ್ದೀಯ, ಮಾತಾಡು" ಅಂತ ಕೂಗಿದ.

ನನ್ನ ಪಕ್ಕದಲ್ಲಿ ಚಟ್ನಿ ಸೌಟು ಕೆಳಗೆ ಬಿತ್ತು.

ವಿಡಿಯೋ ಮುಗೀತು, ಚಪ್ಪಾಳೆ. ಡಿಸೆಂಬರ್ ರಜೆಗೆ ಮತ್ತೆ ಹೋಗ್ತೀವಿ, ಈ ಸಲ ಚಪ್ಪಡಿ ಎತ್ತಿ ಲೈವ್ ತೋರಿಸ್ತೀವಿ ಅಂದ. ಇನ್ನೂ ಜೋರು ಚಪ್ಪಾಳೆ. "ಪ್ರಶ್ನೆ ಇದೆಯಾ?" ಅಂದ.

ನೀಲಾಂಬಿಕಾ ಏಪ್ರನ್‌ನಲ್ಲೇ ಸೀಟುಗಳ ನಡುವಿನ ದಾರಿಯಲ್ಲಿ ನಡೆದುಕೊಂಡು ಹೋದ್ಳು. ಏನೋ ಆಗ್ತಿದೆ ಅಂತ ನಾನೂ ಹಿಂದೆ ಓಡಿದೆ.

"ನಾ ಒಂದು ಮಾತು ಹೇಳಬೇಕ್ರಿ."

ರೆಕಾರ್ಡ್ ಆಗ್ತಿದೆ, ಇಂಗ್ಲಿಷ್‌ನಲ್ಲಿ ಹೇಳಿ ಆಂಟಿ, ಅಂದ ಅವನು.

"ನಮ್ಮವ್ವನ ವಿಷಯ ನಾ ಇಂಗ್ಲಿಷ್‌ನ್ಯಾಗ ಹೇಳೂದಿಲ್ಲ" ಅಂತ ನನ್ನ ಕಡೆ ತಿರುಗಿದ್ಳು. "ಅಕ್ಕಾರ, ನೀವು ಹೇಳ್ರಿ ಅವಗ."

ಅವಳು ಹೇಳ್ತಾ ಹೋದ್ಳು, ನಾನು ಪ್ರಶ್ನೆ ಕೇಳೋ ಮೈಕು ಹಿಡಿದು ಇಂಗ್ಲಿಷ್ ಮಾಡ್ತಾ ಹೋದೆ. "ಆ ಕಲ್ಲಿನ ಕೆಳಗ ಕುಂತಾಕಿ ನಮ್ಮವ್ವ ಶಿವಲಿಂಗಮ್ಮ. ಎಂಟುನೂರು ವರ್ಷ ಅಲ್ಲ, ಐದು ವರ್ಷ ಆತು. ಯಾರೂ ಜೀವಂತ ಹೂತಿಲ್ಲ. ನಮ್ಮ ಮಂದೀನ ನಾವು ಕುಂಡ್ರಿಸೇ ಕಳಸ್ತೀವಿ. ನಮ್ಮ ಚಿಗವ್ವ ದಿನಾ ನೀರು ಹಾಕ್ತಾಳ, ಅದಕ್ಕ ಕಲ್ಲು ತಣ್ಣಗೈತಿ. ದೀಪಾನೂ ಆಕೀನ ಹಚ್ತಾಳ."

ಅವಳ ತಾಯಿ ಹೋಗಿ ಐದು ವರ್ಷ ಆದ್ರೂ, ಎದುರು ಮನೆಯಲ್ಲೇ ಇದ್ದು, ನಾನು ಒಂದು ದಿನಾನೂ ಸರಿಯಾಗಿ ಕೇಳಿರಲಿಲ್ಲವಲ್ಲ! ಮುಂದಿನ ಸಾಲಲ್ಲಿ ಯಾರೋ ಕಿಸಕ್ ಅಂದ್ರು. "ಯಾರ್ರೀ ಅದು ನಗೋದು? ಎದ್ದು ನಿಂತು ನಗಿ!" ಅಂದೆ ಮೈಕಿನಲ್ಲೇ. ಯಾರೂ ಏಳಲಿಲ್ಲ.

ಆ ಭೂಪ ಏನಂದ ಗೊತ್ತಾ? ನಗುನಗುತ್ತಾ, ಅದು ನಿಮ್ಮ ನಂಬಿಕೆ ಆಂಟಿ, ಗೌರವಿಸ್ತೀನಿ, ನಮ್ಮದು ತನಿಖೆ, ಎತ್ತಿ ನೋಡಿದ್ರೆ ಯಾವುದು ನಿಜ ಅಂತ ಎಲ್ಲರಿಗೂ ಗೊತ್ತಾಗುತ್ತಲ್ಲ, ಅಂದ. ನನಗೆ ಪಿತ್ತ ನೆತ್ತಿಗೇರಿತು. ಎತ್ತಿ ನೋಡೋದಂತೆ! ಒಬ್ಬಳ ತಾಯಿನ!

ರವಿಶಂಕರ್ ಎದ್ದು, "ನೀಲಾಂಬಿಕಾ ಅವರೇ, ಊಟಕ್ಕೆ ಹೊತ್ತಾಯ್ತು. ಆಮೇಲೆ ಮನೇಲಿ ಕೂತು ಮಾತಾಡೋಣ" ಅಂದ್ರು.

ಆಗ ಅವಳ ದನಿ ಎದ್ದಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

"ನಿಮ್ಮ ತಾಯಿ ಎಂಟು ತಿಂಗಳು ನಮ್ಮ ಶೆಡ್ಡಿನ್ಯಾಗ ಇದ್ರು. ನಿಮ್ಮ ಮಗಗ ಹೇಳೀರೇನ್ರಿ?"

ರವಿಶಂಕರ್ ಕೂತುಬಿಟ್ರು.

ನಡೆದದ್ದು ಹೀಗೆ. ಲಲಿತಮ್ಮ ತೀರಿಕೊಂಡಾಗ ರವಿಶಂಕರ್‌ದು ಗ್ರೀನ್ ಕಾರ್ಡ್ ಕಾಗದ ನಡೀತಿತ್ತು, ದೇಶ ಬಿಟ್ಟು ಹೋಗೋ ಹಾಗಿರಲಿಲ್ಲ. ಅಸ್ಥಿ ಮಡಕೆ ಮನೆಯೊಳಗೆ ಇಡಬಾರದು. ಊರಲ್ಲಾದ್ರೆ ಮರಕ್ಕೆ ಕಟ್ತಾರೆ. ಇಲ್ಲಿ ಮರಕ್ಕೆ ಹಕ್ಕಿಗೂಡು ಕಟ್ಟಿದ್ರೂ ಸಬ್‌ಡಿವಿಷನ್‌ನಿಂದ ನೋಟಿಸು ಬರುತ್ತೆ. ಗರಾಜಿನಲ್ಲಿಟ್ರೆ ಲಾವಣ್ಯಗೆ ಕಾರು ತೆಗೆಯೋಕೂ ಹೆದರಿಕೆ. ಆಗ ಇದೇ ನೀಲಾಂಬಿಕಾ, "ಕೊಡ್ರಿ, ನಮ್ಮ ಶೆಡ್ಡಿನ್ಯಾಗ ಇಡ್ತೀನಿ, ನಮಗ ಆ ಅಂಜಿಕಿ ಇಲ್ಲ" ಅಂದಿದ್ದು. ಜನವರಿ ಚಳಿಯಲ್ಲಿ, ಮೊಣಕಾಲುದ್ದ ಹಿಮದಲ್ಲಿ, ದಿನಾ ಸಂಜೆ ಹೋಗಿ ದೀಪ ಇಟ್ಟು ಬರ್ತಿದ್ಳು. ನನ್ನ ಕಿಟಕಿಯಿಂದ ಕಾಣ್ತಿತ್ತು. ಯಶ್ ಆಗ ಮನೆಯಲ್ಲಿರಲಿಲ್ಲ, ದೂರದ ಇಟಾಸ್ಕಾ ಊರಲ್ಲಿ ಕೆಲಸದಲ್ಲಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ.

ನೀಲಾಂಬಿಕಾ ಯಶ್‌ನನ್ನೇ ನೋಡ್ತಾ ಹೇಳಿದ್ಳು: "ನಿಮ್ಮಜ್ಜಿ ಗಡಿಗಿ ಮುಚ್ಚಳಾ ನಾ ಒಂದು ದಿನಾನೂ ತಗದು ನೋಡಿಲ್ಲ, ತಮ್ಮಾ. ನೀ ನಮ್ಮವ್ವನ ಕಲ್ಲು ಎತ್ತತೀಯೇನು?"

ಅದನ್ನೂ ನಾನೇ ಇಂಗ್ಲಿಷ್‌ಗೆ ಮಾಡಿದೆ. ಒಂದೊಂದು ಪದವನ್ನೂ ಬಿಡಿಸಿ, ನಿಧಾನಕ್ಕೆ. ಅವನು ನನ್ನನ್ನ ನೋಡಲಿಲ್ಲ, ಅವಳನ್ನ ನೋಡಲಿಲ್ಲ. ತನ್ನ ಅಮ್ಮನನ್ನ ನೋಡಿದ. ಲಾವಣ್ಯ ಸೀರೆ ಸೆರಗು ಮಡಿಸ್ತಾ ಕೂತಿದ್ಳು. ಅವನು ಮೈಕು ಕೆಳಗಿಟ್ಟು ಸ್ಟೇಜಿಂದ ಇಳಿದು ಹೋದ. ನೀಲಾಂಬಿಕಾ ಹಿಂದಕ್ಕೆ ಬಂದು ಕೈತೊಳೆದು, ಮುನ್ನೂರು ಜನಕ್ಕೂ ರೊಟ್ಟಿ ಬಡಿಸಿದ್ಳು. ನಕ್ಕವರಿಗೂ. ನಾನಾಗಿದ್ರೆ ಒಂದು ಚೂರೂ ಹಾಕ್ತಿರಲಿಲ್ಲ.

ವಿಡಿಯೋನ ಮರುದಿನವೇ ತೆಗೆದುಹಾಕಿದ. ಡಿಸೆಂಬರ್ ಟಿಕೆಟ್ಟೂ ಕ್ಯಾನ್ಸಲ್ ಮಾಡಿದ. ಏನು ಬಂತು? ಅಷ್ಟು ಹೊತ್ತಿಗೆ ಎಷ್ಟೋ ಜನ ಕಾಪಿ ಮಾಡಿಕೊಂಡಾಗಿತ್ತು. ಈಗ ಎಲ್ಲೆಲ್ಲಿಯವರೋ ದೆವ್ವ ನೋಡೋಕೆ ಬೈಕ್ ಹಾಕಿಕೊಂಡು ಅಲ್ಲಿಗೆ ಬರ್ತಾರಂತೆ. ಎಪ್ಪತ್ತು ವರ್ಷದ ಗಂಗಮ್ಮ ತನ್ನ ಅಕ್ಕನಿಗೆ ದೀಪ ಹಚ್ಚೋಕೆ ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋಗ್ಬೇಕು. ಇದಕ್ಕೆ ಯಾವ ಕ್ಷಮೆ?

ನಾಲ್ಕನೇ ದಿನ ಸಂಜೆ ಅವನು ನೀಲಾಂಬಿಕಾಳ ಮನೆಗೆ ಬಂದ. ನಾನು ಅಲ್ಲೇ ಇದ್ದೆ. ಅಜ್ಜಿ ಅಸ್ಥಿ ಇಟ್ಟಿದ್ದ ಜಾಗ ನೋಡಬಹುದಾ, ಅಂತ ಕೇಳಿದ. ಅವಳು ಟಾರ್ಚ್ ಹಿಡ್ಕೊಂಡು ಹಿತ್ತಲ ಶೆಡ್ಡಿಗೆ ಕರ್ಕೊಂಡು ಹೋದ್ಳು. ಹುಲ್ಲು ಕತ್ತರಿಸೋ ಮೆಷಿನ್ನಿನ ಮೇಲ್ಗಡೆ ಒಂದು ಹಲಗೆ. ಅದರ ಮೇಲೆ ಮಡಕೆ ಕೂತಿದ್ದ ದುಂಡನೆ ಗುರುತು, ಪಕ್ಕದಲ್ಲಿ ಎಣ್ಣೆ ಕಲೆ, ಗೋಡೆಗೆ ದೀಪದ ಮಸಿ. ಅವನು ಹೊಸಿಲಲ್ಲೇ ನಿಂತು, ಬಗ್ಗಿ ಬೂಟು ಬಿಚ್ಚಿದ. ಹೊರಗೆ ಇಪ್ಪತ್ತೈದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟೋ ಚಳಿ, ಕಾಲಕೆಳಗೆ ಹಿಮ.

ಅಷ್ಟರಲ್ಲಿ ಫೋನ್ ಬಂತು. ಆರೂವರೆ. ಪರದೆ ಮೇಲೆ ಗಂಗಮ್ಮನ ಕೈ, ತಂಬಿಗೆ, ಒದ್ದೆ ಕಲ್ಲು.

ನೀಲಾಂಬಿಕಾ ಅವನ ಸಾಕ್ಸ್ ನೋಡಿದ್ಳು. "ಬೂಟು ಹಾಕ್ಕೋ ತಮ್ಮಾ. ಈಗ ಇಲ್ಲಿ ಯಾರೂ ಇಲ್ಲ" ಅಂದ್ಳು. ಫೋನನ್ನ ಅವನ ಮುಖಕ್ಕೆ ಹಿಡಿದ್ಳು. "ಬಿಚ್ಚಬೇಕಾಗಿದ್ದು ಇಲ್ಲಿ, ಈ ಕಲ್ಲಿನ ಮುಂದ."

ಅವನು ಅಳೋಕೆ ಶುರು ಮಾಡಿದ. ನಾನು ಸಮಾಧಾನ ಮಾಡೋಕೆ ಹೋಗಲಿಲ್ಲ.